ಹಾಂಗ್‌ಕಾಂಗ್ ಜನರ ಪೌರತ್ವ: ಬ್ರಿಟಿಷ್ ಸರ್ಕಾರದ ಕಡತಗಳನ್ನು ಓದುವುದು ಹೇಗೆ

1997ರ ಜುಲೈ 1ರಂದು ಹಾಂಗ್‌ಕಾಂಗ್ ಬ್ರಿಟನ್ನಿನಿಂದ ಚೀನಾಕ್ಕೆ ಹಸ್ತಾಂತರವಾದಾಗ, ಬ್ರಿಟಿಷ್ ಪಾಸ್‌ಪೋರ್ಟ್ ಹೊಂದಿದ್ದ ಅಥವಾ ಹೊಂದಲು ಅರ್ಹರಾಗಿದ್ದ ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಅಲ್ಲಿದ್ದರು. ಅವರಲ್ಲಿ ಬಹುಪಾಲು ಮಂದಿಗೆ ಆ ಪಾಸ್‌ಪೋರ್ಟ್ ಕೊಟ್ಟ ದೇಶದಲ್ಲಿ ನೆಲೆಸುವ ಹಕ್ಕು ಇರಲಿಲ್ಲ. ಪೌರತ್ವದ ಹೆಸರು ಒಂದು ಕಡೆ, ವಾಸದ ಹಕ್ಕು ಇನ್ನೊಂದು ಕಡೆ ಎಂಬ ಈ ಸ್ಥಿತಿ ಒಂದೇ ದಿನದ ತೀರ್ಮಾನದಿಂದ ಬಂದದ್ದಲ್ಲ. ಸುಮಾರು ಮೂರೂವರೆ ದಶಕಗಳ ಕಾಲ ಲಂಡನ್ನಿನ ಗೃಹ ಇಲಾಖೆ, ವಿದೇಶಾಂಗ ಇಲಾಖೆ, ಪ್ರಧಾನಿಯ ಕಚೇರಿ, ಹಾಂಗ್‌ಕಾಂಗಿನ ಗವರ್ನರ್ ಮತ್ತು ಬೀಜಿಂಗಿನ ರಾಯಭಾರ ಕಚೇರಿಗಳ ನಡುವೆ ಓಡಾಡಿದ ಟಿಪ್ಪಣಿ, ಕರಡು ಮತ್ತು ತಂತಿ ಸಂದೇಶಗಳ ಮೂಲಕ ಅದು ಹಂತಹಂತವಾಗಿ ರೂಪುಗೊಂಡಿತು. ಆ ಕಾಗದಪತ್ರಗಳಲ್ಲಿ ಹೆಚ್ಚಿನವು ಈಗ ಸಾರ್ವಜನಿಕರ ಓದಿಗೆ ತೆರೆದಿವೆ. ಇತಿಹಾಸ, ಕಾನೂನು ಅಥವಾ ವಲಸೆಯ ವಿಷಯದಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳು, ಪತ್ರಕರ್ತರು ಮತ್ತು ಆಸಕ್ತ ಓದುಗರು ಅವುಗಳನ್ನು ಹೇಗೆ ಹುಡುಕಬೇಕು, ಯಾವ ಕ್ರಮದಲ್ಲಿ ಓದಬೇಕು, ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಓದುವಾಗ ಕೈಬಿಡದೆ ಹಿಡಿದಿರಬೇಕಾದ ಪ್ರಶ್ನೆ ಒಂದೇ: ಈ ಕಾಗದ ಯಾರಿಂದ ಯಾವ ಹಕ್ಕನ್ನು ತೆಗೆದು, ಯಾವ ಹೆಸರನ್ನು ಅವರ ಬಳಿ ಉಳಿಸುತ್ತಿದೆ? ಸಂಸತ್ತಿನ ಭಾಷಣಗಳು ಹೆಸರಿನ ಬಗ್ಗೆ ಧಾರಾಳವಾಗಿ ಮಾತನಾಡುತ್ತವೆ. ಹಕ್ಕಿನ ವಿಚಾರ ಕರಡುಗಳಲ್ಲಿ ಮತ್ತು ಕಡತದ ಷರಾಗಳಲ್ಲಿ ತೀರ್ಮಾನವಾಗುತ್ತದೆ.

ಮೊದಲು ಕಾಯ್ದೆ, ಆಮೇಲೆ ಕಡತ

ಕಡತಕ್ಕೆ ಕೈಹಾಕುವ ಮುನ್ನ ಕಾಯ್ದೆಗಳನ್ನು ಕಾಲಕ್ರಮದಲ್ಲಿ ಓದಿಕೊಳ್ಳಬೇಕು. ಅಧಿಕಾರಿಗಳು ತಮ್ಮತಮ್ಮಲ್ಲಿ ಬರೆದುಕೊಳ್ಳುವಾಗ ಇಲಾಖೆಯಲ್ಲಿ ಎಲ್ಲರಿಗೂ ಗೊತ್ತಿರುವುದನ್ನು ವಿವರಿಸುವುದಿಲ್ಲ. ಒಂದು ವರ್ಗದ ಹೆಸರನ್ನು ಬರೆದು ಮುಂದೆ ಹೋಗುತ್ತಾರೆ. ಆ ವರ್ಷ ಆ ಹೆಸರಿನ ಜೊತೆ ಯಾವ ಹಕ್ಕು ಇತ್ತು ಎಂಬುದು ಓದುವವರಿಗೆ ತಿಳಿಯದಿದ್ದರೆ ಟಿಪ್ಪಣಿಯ ಅರ್ಥವೇ ತಿರುವುಮುರುವಾಗುತ್ತದೆ.

ಆರಂಭ 1948ರ ಬ್ರಿಟಿಷ್ ರಾಷ್ಟ್ರೀಯತಾ ಕಾಯ್ದೆಯಿಂದ. 1949ರ ಜನವರಿ 1ರಂದು ಜಾರಿಗೆ ಬಂದ ಈ ಕಾಯ್ದೆ ‘ಯುನೈಟೆಡ್ ಕಿಂಗ್‌ಡಮ್ ಮತ್ತು ವಸಾಹತುಗಳ ಪೌರ’ ಎಂಬ ಒಂದೇ ವರ್ಗವನ್ನು ಸೃಷ್ಟಿಸಿತು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದವರಿಗೂ ಹಾಂಗ್‌ಕಾಂಗಿನ ಕೌಲೂನಿನಲ್ಲಿ ಹುಟ್ಟಿದವರಿಗೂ ಅದೇ ಹೆಸರು, ಅದೇ ಹಕ್ಕು. 1962ರ ಕಾಮನ್‌ವೆಲ್ತ್ ವಲಸಿಗರ ಕಾಯ್ದೆ ಹೆಸರನ್ನು ಹಾಗೆಯೇ ಬಿಟ್ಟು ಹಕ್ಕನ್ನು ಎರಡಾಗಿ ಒಡೆಯಿತು. ಪಾಸ್‌ಪೋರ್ಟನ್ನು ಲಂಡನ್ ಸರ್ಕಾರದ ಅಧಿಕಾರದಲ್ಲಿ ಕೊಡಲಾಗಿದೆಯೋ ವಸಾಹತಿನ ಸರ್ಕಾರ ಕೊಟ್ಟಿದೆಯೋ ಎಂಬುದು ಬ್ರಿಟನ್ನಿನ ಪ್ರವೇಶಕ್ಕೆ ಮುಖ್ಯವಾಯಿತು. ಹಾಂಗ್‌ಕಾಂಗ್ ಸರ್ಕಾರದ ಪಾಸ್‌ಪೋರ್ಟ್ ಹಿಡಿದವರು ಆ ಹೊತ್ತಿಗೇ ಹೊಸ್ತಿಲ ಹೊರಗೆ ಉಳಿದರು. 1971ರ ವಲಸೆ ಕಾಯ್ದೆ, ಹುಟ್ಟಿನಿಂದಲೋ ವಂಶದಿಂದಲೋ ದೀರ್ಘ ವಾಸದಿಂದಲೋ ಬ್ರಿಟನ್ನಿನ ನೆಲದೊಂದಿಗೆ ನಂಟು ಇದ್ದವರಿಗೆ ಮಾತ್ರ ‘ವಾಸದ ಹಕ್ಕು’ ಇದೆ ಎಂದು ಬರೆದು, 1973ರ ಜನವರಿ 1ರಿಂದ ಈ ಭೇದವನ್ನು ಸ್ಥಿರಗೊಳಿಸಿತು.

ಹೆಸರು ಬೇರೆಯಾದದ್ದು 1981ರ ಬ್ರಿಟಿಷ್ ರಾಷ್ಟ್ರೀಯತಾ ಕಾಯ್ದೆಯಲ್ಲಿ. 1983ರ ಜನವರಿ 1ರಿಂದ ಹಳೆಯ ಒಂದು ಪೌರತ್ವ ಮೂರಾಯಿತು: ಬ್ರಿಟಿಷ್ ಪೌರತ್ವ, ಬ್ರಿಟಿಷ್ ಅವಲಂಬಿತ ಪ್ರದೇಶಗಳ ಪೌರತ್ವ, ಬ್ರಿಟಿಷ್ ಸಾಗರೋತ್ತರ ಪೌರತ್ವ. ಹಾಂಗ್‌ಕಾಂಗಿನ ಜನ ಎರಡನೆಯದರಲ್ಲಿ ಸೇರಿದರು. ಅದರ ಮೇಲೆ 1985ರ ಹಾಂಗ್‌ಕಾಂಗ್ ಕಾಯ್ದೆ ಮತ್ತು 1986ರ ಹಾಂಗ್‌ಕಾಂಗ್ ಬ್ರಿಟಿಷ್ ರಾಷ್ಟ್ರೀಯತಾ ಆದೇಶ ಬಂದು, ಹಸ್ತಾಂತರದ ದಿನ ಈ ಎರಡನೆಯ ಪೌರತ್ವವೂ ಹೋಗುತ್ತದೆ, ಅದಕ್ಕೆ ಮೊದಲು ನೋಂದಾಯಿಸಿಕೊಂಡವರಿಗೆ ಬ್ರಿಟಿಷ್ ನ್ಯಾಷನಲ್ ಓವರ್‌ಸೀಸ್, ಅಂದರೆ ಬಿಎನ್‌ಓ ಎಂಬ ಹೊಸ ಸ್ಥಾನಮಾನ ಸಿಗುತ್ತದೆ ಎಂದು ವಿಧಿಸಿದವು. ಈ ಸ್ಥಾನಮಾನ 1987ರ ಜುಲೈ 1ರಿಂದ ದೊರೆಯತೊಡಗಿತು. ಅದು ತಾನಾಗಿ ಬರುವುದಿಲ್ಲ, ಮಕ್ಕಳಿಗೆ ದಾಟುವುದಿಲ್ಲ, ಬ್ರಿಟನ್ನಿನಲ್ಲಿ ವಾಸದ ಹಕ್ಕು ಕೊಡುವುದಿಲ್ಲ. ಈ ಮೂರನ್ನು ನೆನಪಿಟ್ಟುಕೊಂಡರೆ ಎಂಬತ್ತರ ದಶಕದ ಕಡತಗಳ ಅರ್ಧ ಜಗಳ ಅರ್ಥವಾಗುತ್ತದೆ.

ಬ್ರಿಟಿಷ್ ಸರ್ಕಾರದ ಶಾಸನ ಜಾಲತಾಣದಲ್ಲಿ ಈ ಎಲ್ಲ ಕಾಯ್ದೆಗಳನ್ನೂ ಉಚಿತವಾಗಿ ಓದಬಹುದು. ಆದರೆ ಅಲ್ಲಿ ತಾನಾಗಿ ತೆರೆದುಕೊಳ್ಳುವುದು ಇಂದಿನವರೆಗಿನ ತಿದ್ದುಪಡಿಗಳು ಸೇರಿದ ಪಠ್ಯ. 1981ರ ಕಾಯ್ದೆ ಅನೇಕ ಬಾರಿ ತಿದ್ದುಪಡಿಯಾಗಿದ್ದು, 2002ರಲ್ಲಿ ‘ಅವಲಂಬಿತ ಪ್ರದೇಶ’ಗಳೆಂಬ ಹೆಸರೇ ‘ಸಾಗರೋತ್ತರ ಪ್ರದೇಶ’ಗಳೆಂದು ಬದಲಾಯಿತು. ಆದ್ದರಿಂದ ಮೂಲತಃ ಅಂಗೀಕಾರವಾದ ಪಠ್ಯವನ್ನೇ ಆರಿಸಿಕೊಳ್ಳಬೇಕು. ಒಂದು ಹಾಳೆಯಲ್ಲಿ ಪ್ರತಿ ಕಾಯ್ದೆಗೂ ನಾಲ್ಕು ಉತ್ತರಗಳನ್ನು ಬರೆದಿಡಿ: ಈ ಸ್ಥಾನಮಾನ ಯಾರಿಗೆ ಸಿಗುತ್ತದೆ, ಬ್ರಿಟನ್ನಿನೊಳಗೆ ಬರಲು ಬಿಡುತ್ತದೆಯೇ, ಮಕ್ಕಳಿಗೆ ದಾಟುತ್ತದೆಯೇ, ಯಾವಾಗ ಮುಗಿಯುತ್ತದೆ. ಕಡತ ಓದುವ ಉದ್ದಕ್ಕೂ ಈ ಹಾಳೆ ಪಕ್ಕದಲ್ಲಿರಲಿ.

1968ರ ಕಡತಗಳಲ್ಲಿ ಕಣ್ಣು ಪಳಗಿಸಿಕೊಳ್ಳಿ

ನೇರವಾಗಿ ಹಾಂಗ್‌ಕಾಂಗಿನ ರಾಶಿಗೆ ಹೋಗುವುದಕ್ಕಿಂತ, ಅಭ್ಯಾಸಕ್ಕಾಗಿ ಕೀನ್ಯಾದ ಏಷ್ಯನ್ನರ ಪ್ರಕರಣವನ್ನು ಮೊದಲು ಓದಬೇಕೆಂಬುದು ನನ್ನ ಸಲಹೆ. 1963ರಲ್ಲಿ ಕೀನ್ಯಾ ಸ್ವತಂತ್ರವಾದಾಗ ಅಲ್ಲಿನ ಭಾರತ ಮೂಲದ ಅನೇಕರು ಬ್ರಿಟಿಷ್ ಪೌರತ್ವವನ್ನೇ ಉಳಿಸಿಕೊಂಡರು. ಅವರ ಪಾಸ್‌ಪೋರ್ಟುಗಳು ಸ್ವಾತಂತ್ರ್ಯಾನಂತರ ಬ್ರಿಟಿಷ್ ಹೈಕಮಿಷನ್ನಿನಿಂದ ದೊರೆತವುಗಳಾದ್ದರಿಂದ 1962ರ ನಿರ್ಬಂಧ ಅವರಿಗೆ ತಗಲುತ್ತಿರಲಿಲ್ಲ. ಅವರು ಬ್ರಿಟನ್ನಿಗೆ ಬರತೊಡಗಿದಾಗ ಗೃಹ ಸಚಿವ ಜೇಮ್ಸ್ ಕ್ಯಾಲಹಾನ್ ತಂದ ಮಸೂದೆ 1968ರಲ್ಲಿ ಕೆಲವೇ ದಿನಗಳಲ್ಲಿ ಸಂಸತ್ತನ್ನು ದಾಟಿ ಕಾಯ್ದೆಯಾಯಿತು. ಪಾಸ್‌ಪೋರ್ಟ್ ಇದ್ದರೂ ಬ್ರಿಟನ್ನಿನಲ್ಲಿ ಹುಟ್ಟಿದ ತಂದೆತಾಯಿ ಅಥವಾ ಅಜ್ಜ ಅಜ್ಜಿಯರಂಥ ನಂಟು ಇಲ್ಲದವರಿಗೆ ಪ್ರವೇಶ ನಿಯಂತ್ರಣಕ್ಕೊಳಪಟ್ಟಿತು.

ಈ ಪ್ರಕರಣದ ಸಚಿವ ಸಂಪುಟದ ಕಾಗದಗಳು ಕಡಿಮೆ, ಕಾಲಾವಧಿ ಚಿಕ್ಕದು, ಭಿನ್ನಾಭಿಪ್ರಾಯ ಸ್ಪಷ್ಟ. ಕಾಮನ್‌ವೆಲ್ತ್ ಸಚಿವ ಜಾರ್ಜ್ ಥಾಮ್ಸನ್ ಈ ಕ್ರಮ ತತ್ತ್ವತಃ ತಪ್ಪು, ಬಣ್ಣದ ಆಧಾರದ ತಾರತಮ್ಯ ಎಂದು ಸಹೋದ್ಯೋಗಿಗಳಿಗೆ ಲಿಖಿತವಾಗಿ ಎಚ್ಚರಿಸಿದ್ದರು. ಎಚ್ಚರಿಕೆ ದಾಖಲಾಯಿತು, ಮಸೂದೆ ಮುಂದೆ ಸಾಗಿತು. 1973ರಲ್ಲಿ ಯುರೋಪಿನ ಮಾನವ ಹಕ್ಕುಗಳ ಆಯೋಗವು, ಜನಾಂಗದ ಆಧಾರದ ಮೇಲೆ ಹೀಗೆ ಹೊರಗಿಡುವುದು ಅವಮಾನಕರ ನಡವಳಿಕೆಗೆ ಸಮವಾಗಬಹುದು ಎಂಬ ನಿಲುವು ತಾಳಿತು. ಸರ್ಕಾರಕ್ಕೆ ತಾನು ಏನು ಮಾಡುತ್ತಿದ್ದೇನೆಂದು ಆ ಹೊತ್ತಿನಲ್ಲಿ ಗೊತ್ತಿತ್ತೇ ಎಂಬ ಪ್ರಶ್ನೆಗೆ ಕಡತಗಳು ಹೇಗೆ ಉತ್ತರ ಕೊಡುತ್ತವೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಕಡತಗಳು ಎಲ್ಲಿವೆ

ಮುಖ್ಯ ಸಂಗ್ರಹ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಸಂಪುಟದ ನಡಾವಳಿಗಳು ಕ್ಯಾಬ್ 128 ಎಂಬ ಶ್ರೇಣಿಯಲ್ಲೂ ಸಂಪುಟಕ್ಕೆ ಸಲ್ಲಿಸಿದ ಟಿಪ್ಪಣಿಗಳು ಕ್ಯಾಬ್ 129ರಲ್ಲೂ ಸಿಗುತ್ತವೆ. ಮಾರ್ಗರೆಟ್ ಥ್ಯಾಚರ್ ಕಾಲದ ಪ್ರಧಾನಿ ಕಚೇರಿಯ ಕಡತಗಳು ಪ್ರೆಮ್ 19, ವಿದೇಶಾಂಗ ಇಲಾಖೆಯ ಹಾಂಗ್‌ಕಾಂಗ್ ವಿಭಾಗದವು ಎಫ್‌ಸಿಓ 40, ದೂರಪ್ರಾಚ್ಯ ವಿಭಾಗದವು ಎಫ್‌ಸಿಓ 21. ಪತ್ರಾಗಾರದ ಸೂಚಿಯಲ್ಲಿ ಬರೀ ‘ಹಾಂಗ್‌ಕಾಂಗ್ ರಾಷ್ಟ್ರೀಯತೆ’ ಎಂದು ಹುಡುಕಿದರೆ ಶೀರ್ಷಿಕೆಯಲ್ಲಿ ಆ ಪದಗಳಿರುವ ಕಡತಗಳು ಮಾತ್ರ ಬರುತ್ತವೆ. ‘ಹಾಂಗ್‌ಕಾಂಗಿನ ಭವಿಷ್ಯ’ ಎಂಬ ಹೆಸರಿನ ಸರಣಿ ಕಡತಗಳ ನಡುವೆಯೂ, ಬ್ರಿಟನ್ನಿನ ಇತರ ಪ್ರದೇಶಗಳಾದ ಜಿಬ್ರಾಲ್ಟರ್, ಫಾಕ್‌ಲ್ಯಾಂಡ್ ಮತ್ತು ಪೋರ್ಚುಗಲ್ ಆಳುತ್ತಿದ್ದ ನೆರೆಯ ಮಕಾವು ಶೀರ್ಷಿಕೆಯ ಕಡತಗಳ ಒಳಗೂ ನಮಗೆ ಬೇಕಾದ ಪುಟಗಳು ಅಡಗಿರುತ್ತವೆ. ಆದ್ದರಿಂದ ಶ್ರೇಣಿಯನ್ನೂ ವರ್ಷವನ್ನೂ ಗೊತ್ತುಮಾಡಿಕೊಂಡು ಸಾಲಾಗಿ ನೋಡುತ್ತ ಹೋಗುವುದೇ ಸರಿಯಾದ ದಾರಿ.

ಕ್ಯೂಗೆ ಹೋಗಲಾಗದವರು ನಿರಾಶರಾಗಬೇಕಿಲ್ಲ. ಹಳೆಯ ಸಂಪುಟ ಕಾಗದಗಳ ಬಹುಭಾಗ ಪತ್ರಾಗಾರದ ಜಾಲತಾಣದಲ್ಲೇ ಇದೆ. ಮಾರ್ಗರೆಟ್ ಥ್ಯಾಚರ್ ಪ್ರತಿಷ್ಠಾನದ ಜಾಲತಾಣದಲ್ಲಿ ಪ್ರಧಾನಿ ಕಚೇರಿಯ ಅನೇಕ ಕಡತಗಳ ಚಿತ್ರಪ್ರತಿಗಳಿವೆ. ಬ್ರಿಟಿಷ್ ಸಂಸತ್ತಿನ ಚರ್ಚೆಗಳ ಅಧಿಕೃತ ವರದಿಯಾದ ಹ್ಯಾನ್ಸಾರ್ಡ್ ಮತ್ತು ಹಾಂಗ್‌ಕಾಂಗ್ ಶಾಸನ ಮಂಡಳಿಯ ವರದಿ ಎರಡೂ ಜಾಲದಲ್ಲಿ ಲಭ್ಯ. ಹಾಂಗ್‌ಕಾಂಗಿನ ಕ್ವುನ್ ಟಾಂಗ್ ಪ್ರದೇಶದಲ್ಲಿರುವ ಸಾರ್ವಜನಿಕ ದಾಖಲೆಗಳ ಕಚೇರಿ ವಸಾಹತು ಸರ್ಕಾರದ ಕಡೆಯ ಕಾಗದಗಳನ್ನು ಇಟ್ಟುಕೊಂಡಿದೆ.

ಒಂದು ಕಡತದ ಒಳಗೆ

ಸರ್ಕಾರಿ ಕಡತದಲ್ಲಿ ಸಾಮಾನ್ಯವಾಗಿ ಇತ್ತೀಚಿನ ಕಾಗದ ಮೇಲಿರುತ್ತದೆ. ತಳದಿಂದ ಮೇಲಕ್ಕೆ ಓದಿದರೆ ವಾದ ಬೆಳೆದ ಬಗೆ ತಿಳಿಯುತ್ತದೆ. ಮೇಲಿನಿಂದ ಓದಿದರೆ ತೀರ್ಮಾನ ಮೊದಲೇ ಗೊತ್ತಾಗಿ, ಕೈಬಿಟ್ಟ ಆಯ್ಕೆಗಳೆಲ್ಲ ಅಪ್ರಸ್ತುತವೆಂಬಂತೆ ಕಾಣಿಸುತ್ತವೆ. ಪೌರತ್ವದ ವಿಷಯದಲ್ಲಿ ಈ ಕೈಬಿಟ್ಟ ಆಯ್ಕೆಗಳೇ ಮುಖ್ಯ, ಏಕೆಂದರೆ ಆಯ್ಕೆ ಇತ್ತು ಎಂಬುದಕ್ಕೆ ಸಾಕ್ಷ್ಯ ಅಲ್ಲಿದೆ. ಕರಡುಗಳನ್ನು ಒಂದರ ಪಕ್ಕ ಒಂದನ್ನಿಟ್ಟು ಹೋಲಿಸಿ, ಯಾವ ವಾಕ್ಯ ಯಾರ ಸಲಹೆಯ ನಂತರ ಹೋಯಿತು ಎಂಬುದನ್ನು ಗುರುತಿಸಿಕೊಳ್ಳಿ.

ಸಂಪುಟ ನಡಾವಳಿಗಳಿಗೆ ಒಂದು ಸಿದ್ಧ ರೂಪವಿದೆ. ವಿಷಯ ಮಂಡಿಸಿದ ಸಚಿವರ ಹೆಸರು ಇರುತ್ತದೆ. ಆಮೇಲಿನ ಚರ್ಚೆಯಲ್ಲಿ ಯಾರು ಏನೆಂದರು ಎಂಬುದನ್ನು ಹೆಸರಿಲ್ಲದೆ ಸಾರವಾಗಿ ಬರೆದಿರುತ್ತಾರೆ. ಕೊನೆಯಲ್ಲಿ ಪ್ರಧಾನಿ ಕ್ರೋಡೀಕರಿಸಿ ಹೇಳಿದ ಮಾತು ಬರುತ್ತದೆ. ಆ ಕ್ರೋಡೀಕರಣವೇ ಇಲಾಖೆಗಳ ಪಾಲಿಗೆ ಆದೇಶ. ಹೀಗಾಗಿ ವಿರೋಧಿಸಿದವರು ಯಾರೆಂದು ನಡಾವಳಿಯಿಂದ ತಿಳಿಯುವುದಿಲ್ಲ. ಅದಕ್ಕೆ ಸಭೆಯ ಮುನ್ನಾದಿನಗಳಲ್ಲಿ ಸಚಿವರು ಪರಸ್ಪರ ಬರೆದ ಪತ್ರಗಳನ್ನು ಹುಡುಕಬೇಕು. ಪ್ರಧಾನಿ ಕಚೇರಿಯ ಪ್ರತಿಗಳಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. ಥ್ಯಾಚರ್ ಲೇಖನಿ ಹಿಡಿದೇ ಓದುತ್ತಿದ್ದರು. ನೇರ ಗೆರೆ ಗಮನಿಸಿದ್ದನ್ನು ಅಥವಾ ಒಪ್ಪಿದ್ದನ್ನು ಸೂಚಿಸಿದರೆ, ಅಲೆಅಲೆಯಾದ ಗೆರೆ ಅಸಮಾಧಾನವನ್ನು ಸೂಚಿಸುತ್ತಿತ್ತು. ಅಂಚಿನ ಒಂದು ಷರಾ ಕೆಲವೊಮ್ಮೆ ಹತ್ತು ಪುಟದ ಟಿಪ್ಪಣಿಗಿಂತ ಹೆಚ್ಚು ಕೆಲಸ ಮಾಡಿರುತ್ತದೆ.

ಇಲಾಖೆಗಳನ್ನು ಒಂದೇ ಸರ್ಕಾರದ ಒಂದೇ ದನಿ ಎಂದು ಭಾವಿಸಬೇಡಿ. ಗೃಹ ಇಲಾಖೆಯ ಕಾಳಜಿ ಬ್ರಿಟನ್ನಿಗೆ ಬರಬಹುದಾದವರ ಸಂಖ್ಯೆ. ವಿದೇಶಾಂಗ ಇಲಾಖೆಯ ಕಾಳಜಿ ಚೀನಾದೊಂದಿಗಿನ ಮಾತುಕತೆ. ಗವರ್ನರ್ ಕಚೇರಿಗೆ ಹಾಂಗ್‌ಕಾಂಗಿನ ಆಡಳಿತ ಕುಸಿಯದಂತೆ, ನುರಿತ ಜನ ಊರು ಬಿಡದಂತೆ ನೋಡಿಕೊಳ್ಳುವ ಜವಾಬ್ದಾರಿ. ಒಂದೇ ಪ್ರಸ್ತಾವಕ್ಕೆ ಮೂವರೂ ಮೂರು ಕಾರಣಗಳಿಗಾಗಿ ಒಪ್ಪುವುದುಂಟು. ಬರೆಯುವಾಗ ‘ಬ್ರಿಟನ್ ಭಾವಿಸಿತು’ ಎನ್ನುವ ಬದಲು ಯಾವ ಕಚೇರಿ, ಯಾವ ದಿನ, ಯಾರಿಗೆ ಬರೆಯಿತು ಎಂದು ಹೇಳುವುದು ಪ್ರಾಮಾಣಿಕ.

ದನಿಯ ವಿಷಯದಲ್ಲೂ ಎಚ್ಚರ ಬೇಕು. 1983ರಲ್ಲಿ ಹಾಂಗ್‌ಕಾಂಗಿನ 55 ಲಕ್ಷ ಜನರನ್ನು ಉತ್ತರ ಐರ್ಲೆಂಡಿನಲ್ಲಿ ನೆಲೆಗೊಳಿಸಬಹುದೆಂದು ಒಬ್ಬ ವಿಶ್ವವಿದ್ಯಾಲಯದ ಉಪನ್ಯಾಸಕರು ಸೂಚಿಸಿದ್ದ ಪತ್ರಿಕಾ ಲೇಖನವನ್ನಿಟ್ಟುಕೊಂಡು ಇಬ್ಬರು ಅಧಿಕಾರಿಗಳು ತಮಾಷೆಯ ಧಾಟಿಯಲ್ಲಿ ಪತ್ರ ವಿನಿಮಯ ಮಾಡಿಕೊಂಡರು. 2015ರಲ್ಲಿ ಆ ಕಡತ ತೆರೆದಾಗ ಅದನ್ನು ಸರ್ಕಾರದ ಗಂಭೀರ ಯೋಜನೆ ಎಂಬಂತೆ ಓದಿದವರೂ ಇದ್ದರು. ಅದು ಯೋಜನೆಯಲ್ಲ. ಆದರೂ ಅದನ್ನು ಬದಿಗಿಡುವಂತಿಲ್ಲ. ಇಷ್ಟು ಜನರ ನಾಳೆಯ ಪ್ರಶ್ನೆ ಕಚೇರಿಯಲ್ಲಿ ವಿನೋದದ ವಸ್ತುವಾಗಬಲ್ಲದಾಗಿತ್ತು ಎಂಬುದೂ ಒಂದು ಸಾಕ್ಷ್ಯವೇ. ನೀತಿಯ ಸಾಕ್ಷ್ಯ ಬೇರೆ, ಮನೋಭಾವದ ಸಾಕ್ಷ್ಯ ಬೇರೆ ಎಂಬ ವಿಂಗಡಣೆ ಮಾಡಿಕೊಂಡರೆ ಸಾಕು.

1984: ಒಪ್ಪಂದ ಮತ್ತು ಅದರ ಪಕ್ಕದ ಎರಡು ಜ್ಞಾಪನಾಪತ್ರ

ಹಾಂಗ್‌ಕಾಂಗಿನ ಭವಿಷ್ಯದ ಬಗ್ಗೆ ಬ್ರಿಟನ್ ಮತ್ತು ಚೀನಾ ನಡೆಸಿದ ಸಂಧಾನದ ಕಡತಗಳಿಗೆ ಬರುವಾಗ ಹಿನ್ನೆಲೆಯ ಮೂರು ಸಂಗತಿಗಳು ತಿಳಿದಿರಬೇಕು. ಹಾಂಗ್‌ಕಾಂಗಿನ ಬಹುಭಾಗ ನೆಲವಾದ ‘ಹೊಸ ಪ್ರದೇಶ’ಗಳನ್ನು (ನ್ಯೂ ಟೆರಿಟರೀಸ್) ಬ್ರಿಟನ್ ಚೀನಾದಿಂದ ಪಡೆದಿದ್ದ 99 ವರ್ಷದ ಗುತ್ತಿಗೆ 1898ರಲ್ಲಿ ಆರಂಭವಾಗಿ 1997ರಲ್ಲಿ ಮುಗಿಯುವುದಿತ್ತು. 1972ರಲ್ಲಿ ಚೀನಾದ ಕೋರಿಕೆಯಂತೆ ವಿಶ್ವಸಂಸ್ಥೆ ತನ್ನ ವಸಾಹತುಗಳ ಪಟ್ಟಿಯಿಂದ ಹಾಂಗ್‌ಕಾಂಗ್ ಮತ್ತು ಮಕಾವುಗಳನ್ನು ತೆಗೆದದ್ದರಿಂದ, ಇತರ ವಸಾಹತುಗಳ ಜನರಂತೆ ಸ್ವಾತಂತ್ರ್ಯ ಪಡೆದು ಹೊಸ ರಾಷ್ಟ್ರದ ಪೌರರಾಗುವ ದಾರಿ ಮುಚ್ಚಿತ್ತು. 1980ರ ಚೀನಾದ ರಾಷ್ಟ್ರೀಯತಾ ಕಾನೂನು ಎರಡು ದೇಶಗಳ ಪೌರತ್ವವನ್ನು ಮಾನ್ಯ ಮಾಡುವುದಿಲ್ಲ.

1984ರ ಡಿಸೆಂಬರ್ 19ರಂದು ಬೀಜಿಂಗಿನಲ್ಲಿ ಥ್ಯಾಚರ್ ಮತ್ತು ಚೀನಾದ ಪ್ರಧಾನಿ ಝಾವೋ ಝಿಯಾಂಗ್ ಸಹಿ ಹಾಕಿದ, ಹಾಂಗ್‌ಕಾಂಗನ್ನು ಚೀನಾಕ್ಕೆ ಮರಳಿಸುವ ಜಂಟಿ ಘೋಷಣೆಯ ಮುಖ್ಯ ಪಠ್ಯದಲ್ಲಿ ಪೌರತ್ವವನ್ನು ಹುಡುಕಿದರೆ ಸಿಗುವುದು ಕಡಿಮೆ. ಅದು ಇರುವುದು ಎರಡು ಸರ್ಕಾರಗಳೂ ಪರಸ್ಪರ ಕೊಟ್ಟುಕೊಂಡ ಪ್ರತ್ಯೇಕ ಜ್ಞಾಪನಾಪತ್ರಗಳಲ್ಲಿ. ಬ್ರಿಟನ್ನಿನದು, ಅವಲಂಬಿತ ಪ್ರದೇಶದ ಪೌರತ್ವ 1997ರ ಜುಲೈ 1ರಂದು ಮುಗಿಯುತ್ತದೆ, ಆದರೆ ಬ್ರಿಟನ್ನಿನಲ್ಲಿ ವಾಸದ ಹಕ್ಕು ಕೊಡದ ಒಂದು ಸೂಕ್ತ ಸ್ಥಾನಮಾನದಡಿ ಬ್ರಿಟಿಷ್ ಪಾಸ್‌ಪೋರ್ಟ್ ಬಳಸುವುದನ್ನು ಮುಂದುವರಿಸಬಹುದು ಎನ್ನುತ್ತದೆ. ಚೀನಾದ್ದು, ಹಾಂಗ್‌ಕಾಂಗಿನ ಚೀನೀ ದೇಶಬಾಂಧವರೆಲ್ಲರೂ ಚೀನಾದ ಪ್ರಜೆಗಳೇ, ಬ್ರಿಟನ್ ಕೊಟ್ಟ ದಾಖಲೆಯನ್ನು ಅವರು ಪ್ರಯಾಣಕ್ಕೆ ಬಳಸಬಹುದು, ಆದರೆ ಹಾಂಗ್‌ಕಾಂಗಿನಲ್ಲೂ ಚೀನಾದ ಇತರೆಡೆಯಲ್ಲೂ ಬ್ರಿಟಿಷ್ ದೂತಾವಾಸದ ರಕ್ಷಣೆ ಅವರಿಗಿಲ್ಲ ಎನ್ನುತ್ತದೆ. ಎರಡನ್ನೂ ಮುಖಾಮುಖಿಯಾಗಿಟ್ಟು ಓದಿ. ಒಂದರಲ್ಲಿ ಸ್ಥಾನಮಾನವಾಗಿರುವುದು ಇನ್ನೊಂದರಲ್ಲಿ ಪ್ರಯಾಣದ ದಾಖಲೆ ಮಾತ್ರ. ಈ ವ್ಯತ್ಯಾಸವನ್ನು ಬಗೆಹರಿಸದೆ ಹಾಗೆಯೇ ಬಿಟ್ಟದ್ದರಿಂದಲೇ ಒಪ್ಪಂದ ಸಾಧ್ಯವಾಯಿತು, ಮುಂದಿನ ಎಲ್ಲ ವಿವಾದವೂ ಅಲ್ಲಿಂದಲೇ ಹುಟ್ಟಿತು ಎಂಬುದು ನನ್ನ ಅಭಿಪ್ರಾಯ.

ಜನರನ್ನು ಕೇಳಿದ ರೀತಿಯನ್ನೂ ಇದೇ ಹಂತದಲ್ಲಿ ಪರಿಶೀಲಿಸಬೇಕು. 1984ರ ಸೆಪ್ಟೆಂಬರಿನಲ್ಲಿ ಕರಡು ಪ್ರಕಟವಾದ ಮೇಲೆ ಹಾಂಗ್‌ಕಾಂಗಿನಲ್ಲಿ ಅಭಿಪ್ರಾಯ ಸಂಗ್ರಹಿಸಲು ಒಂದು ಕಚೇರಿ ತೆರೆಯಲಾಯಿತು. ಆದರೆ ಪಠ್ಯವನ್ನು ಬದಲಾಯಿಸುವ ಅವಕಾಶವಿಲ್ಲವೆಂದು ಸರ್ಕಾರ ಮೊದಲೇ ತಿಳಿಸಿತ್ತು. ಆ ಕಚೇರಿಯ ವರದಿಯನ್ನು ಉಲ್ಲೇಖಿಸುವವರು ಈ ಷರತ್ತನ್ನು ಜೊತೆಗೇ ಹೇಳದಿದ್ದರೆ ಓದುಗರಿಗೆ ಅನ್ಯಾಯವಾಗುತ್ತದೆ.

ವಾದಗಳನ್ನು ತೂಗಿ ನೋಡುವುದು

ವಾಸದ ಹಕ್ಕನ್ನು ನಿರಾಕರಿಸಲು ಕಡತಗಳಲ್ಲೂ ಸಂಸತ್ತಿನಲ್ಲೂ ಮತ್ತೆಮತ್ತೆ ಕಾಣಿಸುವ ಕಾರಣಗಳು ಕೆಲವೇ: ಸಂಖ್ಯೆ ದೊಡ್ಡದು, ಒಬ್ಬರಿಗೆ ಕೊಟ್ಟರೆ ಉಳಿದವರಿಗೂ ಕೊಡಬೇಕಾಗುತ್ತದೆ, ಚೀನಾ ಒಪ್ಪುವುದಿಲ್ಲ, ಜನ ಹೊರಟುಬಿಟ್ಟರೆ ಹಾಂಗ್‌ಕಾಂಗ್ ಬರಿದಾಗುತ್ತದೆ. ಒಂದು ಕಾರಣ ಪ್ರಾಮಾಣಿಕವೇ ಎಂದು ತಿಳಿಯಲು ಅದೇ ಸರ್ಕಾರ ಅದೇ ಕಾಲದಲ್ಲಿ ಬೇರೆಯವರ ವಿಷಯದಲ್ಲಿ ಏನು ಮಾಡಿತೆಂದು ನೋಡಬೇಕು. 1981ರ ಕಾಯ್ದೆ ಸಂಸತ್ತಿನಲ್ಲಿದ್ದಾಗಲೇ ಜಿಬ್ರಾಲ್ಟರಿನವರು ಬೇಕೆಂದರೆ ಪೂರ್ಣ ಬ್ರಿಟಿಷ್ ಪೌರರಾಗಿ ನೋಂದಾಯಿಸಿಕೊಳ್ಳುವ ಹಕ್ಕು ಪಡೆದರು. 1982ರ ಯುದ್ಧದ ನಂತರ ಫಾಕ್‌ಲ್ಯಾಂಡ್ ದ್ವೀಪದವರಿಗೆ 1983ರ ವಿಶೇಷ ಕಾಯ್ದೆಯಿಂದ ಅದೇ ದೊರೆಯಿತು. ಹಾಂಗ್‌ಕಾಂಗ್ ಕೈಬಿಟ್ಟು ಐದು ವರ್ಷವೂ ತುಂಬುವ ಮೊದಲು, 2002ರ ಮೇ 21ರಂದು, ಉಳಿದ ಸಾಗರೋತ್ತರ ಪ್ರದೇಶಗಳ ಬಹುತೇಕ ಎಲ್ಲರಿಗೂ ಪೂರ್ಣ ಪೌರತ್ವ ಸಿಕ್ಕಿತು. ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಪೂರ್ವನಿದರ್ಶನದ ವಾದ ಸಡಿಲವಾಗಿ, ಸಂಖ್ಯೆಯ ವಾದವೊಂದೇ ಗಟ್ಟಿಯಾಗಿ ಉಳಿಯುತ್ತದೆ. ಸಂಖ್ಯೆಯ ಹಿಂದೆ ಬಣ್ಣದ ಪ್ರಶ್ನೆ ಎಷ್ಟಿತ್ತು ಎಂಬುದನ್ನು ಊಹೆಯಿಂದ ಹೇಳದೆ, 1968ರ ಕಡತಗಳಲ್ಲಿ ಮಾಡಿದಂತೆ ಬರೆದಿಟ್ಟ ಮಾತಿನಿಂದಲೇ ತೋರಿಸಬೇಕು.

ಮಕಾವು ಇನ್ನೊಂದು ಪರೀಕ್ಷೆ. ಪೋರ್ಚುಗಲ್ 1987ರ ಏಪ್ರಿಲ್ 13ರಂದು ಚೀನಾದೊಂದಿಗೆ ತನ್ನ ಜಂಟಿ ಘೋಷಣೆಗೆ ಸಹಿ ಹಾಕಿತು; ಹಸ್ತಾಂತರ ನಡೆದದ್ದು 1999ರ ಡಿಸೆಂಬರ್ 20ರಂದು. ತನ್ನ ಕಾನೂನಿನ ಪ್ರಕಾರ 1981ರ ನವೆಂಬರ್ 20ಕ್ಕಿಂತ ಮೊದಲು ಮಕಾವುವಿನಲ್ಲಿ ಹುಟ್ಟಿದವರ ಪೂರ್ಣ ಪೋರ್ಚುಗೀಸ್ ಪೌರತ್ವವನ್ನು ಅದು ಕಸಿದುಕೊಳ್ಳಲಿಲ್ಲ. 1986ರಲ್ಲಿ ಪೋರ್ಚುಗಲ್ ಯುರೋಪಿಯನ್ ಸಮುದಾಯ ಸೇರಿದ ಮೇಲೆ ಆ ಪೌರತ್ವ ಮುಂದೆ ಬ್ರಿಟನ್ನಿನಲ್ಲೂ ನೆಲೆಸುವ ದಾರಿ ತೆರೆಯಿತು. ಹಾಂಗ್‌ಕಾಂಗಿನವರಿಗೆ ಈ ದಾರಿಯೂ ಇರಲಿಲ್ಲ, ಏಕೆಂದರೆ ಸಮುದಾಯದ ಉದ್ದೇಶಗಳಿಗೆ ತನ್ನ ಪ್ರಜೆಗಳು ಯಾರೆಂದು ಬ್ರಿಟನ್ ಕೊಟ್ಟ ಘೋಷಣೆಯಲ್ಲಿ ಅವಲಂಬಿತ ಪ್ರದೇಶಗಳ ಪೈಕಿ ಜಿಬ್ರಾಲ್ಟರಿಗೆ ಮಾತ್ರ ಸ್ಥಾನವಿತ್ತು. ಮಕಾವುವಿನ ಜನಸಂಖ್ಯೆ ತೀರ ಚಿಕ್ಕದು ಎಂಬುದನ್ನು ಹೋಲಿಕೆಯಲ್ಲಿ ಮರೆಯಬಾರದು. ಆದರೆ ಎದುರಿಗಿದ್ದ ದೇಶ ಅದೇ ಚೀನಾ ಆಗಿದ್ದರಿಂದ, ಚೀನಾ ಒಪ್ಪುವುದಿಲ್ಲ ಎಂಬ ವಾದವನ್ನು ಅಳೆಯಲು ಇದಕ್ಕಿಂತ ಹತ್ತಿರದ ಅಳತೆಗೋಲು ಸಿಗದು.

1989ರ ಬೇಸಿಗೆಯಿಂದ 1990ರ ಜುಲೈವರೆಗೆ

1989ರ ಜೂನ್ 4ರಂದು ಬೀಜಿಂಗಿನಲ್ಲಿ ಸೇನೆ ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಿದ ಬಳಿಕ ಹಾಂಗ್‌ಕಾಂಗಿನ ಆತಂಕ ಉಕ್ಕಿತು. ಸುಮಾರು 32.5 ಲಕ್ಷ ಅವಲಂಬಿತ ಪ್ರದೇಶ ಪೌರರಿಗೆ ವಾಸದ ಹಕ್ಕು ಕೊಡಬೇಕೆಂಬ ಬೇಡಿಕೆ ಬಲವಾಯಿತು. ಜುಲೈನಲ್ಲಿ ಅಲ್ಲಿಗೆ ಹೋದ ವಿದೇಶಾಂಗ ಸಚಿವ ಜೆಫ್ರಿ ಹೌ ಅಷ್ಟು ಜನರಿಗೆ ಅದನ್ನು ಕೊಡಲಾಗದೆಂದು ಮುಖಕ್ಕೇ ಹೇಳಬೇಕಾಯಿತು. ಅವರ ನಂತರ ಆ ಹುದ್ದೆಗೆ ಬಂದವರಲ್ಲಿ ಡಗ್ಲಸ್ ಹರ್ಡ್ ಡಿಸೆಂಬರ್ 20ರಂದು ಸಂಸತ್ತಿನಲ್ಲಿ ಪ್ರಕಟಿಸಿದ ಯೋಜನೆ ಬೇರೆ ರೀತಿಯದು: 50,000 ಕುಟುಂಬ ಮುಖ್ಯಸ್ಥರಿಗೆ, ಅವರ ಪತಿ ಅಥವಾ ಪತ್ನಿ ಮತ್ತು ಅಪ್ರಾಪ್ತ ಮಕ್ಕಳೊಂದಿಗೆ, ಅಂದರೆ ಅಂದಾಜು 2,25,000 ಜನರಿಗೆ, ಹಾಂಗ್‌ಕಾಂಗ್ ಬಿಡದೆಯೇ ಪೂರ್ಣ ಬ್ರಿಟಿಷ್ ಪೌರತ್ವ. ನಾರ್ಮನ್ ಟೆಬಿಟ್ ಮುಂತಾದ ಆಡಳಿತ ಪಕ್ಷದ ಸದಸ್ಯರೇ ಹೆಚ್ಚಾಯಿತೆಂದು ವಿರೋಧಿಸಿದರು. ಲೇಬರ್ ಪಕ್ಷ ಆಯ್ಕೆಯ ವಿಧಾನವನ್ನು ವಿರೋಧಿಸಿತು. ಲಿಬರಲ್ ಡೆಮೊಕ್ರಾಟ್ ಪಕ್ಷದ ನಾಯಕ ಪ್ಯಾಡಿ ಆ್ಯಶ್‌ಡೌನ್ ಇನ್ನೂ ಹೆಚ್ಚು ಜನರಿಗೆ ಹಕ್ಕು ಬೇಕೆಂದರು. 1990ರ ಜುಲೈ 26ರಂದು ಅದು ಕಾಯ್ದೆಯಾಯಿತು.

ಈ ಭಾಗದ ದಾಖಲೆಗಳನ್ನು ಓದುವಾಗ ಮೊದಲು ಉದ್ದೇಶದ ಮಾತನ್ನು ಗಮನಿಸಿ. ಬಾಗಿಲು ತೆರೆದಿದೆ ಎಂಬ ಭರವಸೆ ಇದ್ದರೆ ಜನ ಹೋಗುವುದಿಲ್ಲ, ಉಳಿಯುತ್ತಾರೆ ಎಂಬುದೇ ಯೋಜನೆಯ ತರ್ಕವಾಗಿತ್ತು. 1990ರಲ್ಲಿ ಸುಮಾರು 62,000 ಜನ ಹಾಂಗ್‌ಕಾಂಗ್ ಬಿಟ್ಟು ಹೋದದ್ದನ್ನು ಇದರ ಜೊತೆ ಇಟ್ಟುಕೊಳ್ಳಬೇಕು. ನಂತರ ಆಯ್ಕೆಯ ಪಟ್ಟಿಗೆ ಬನ್ನಿ. ವೃತ್ತಿಪರರು ಮತ್ತು ಆಡಳಿತಗಾರರು, ಪೊಲೀಸರಂಥ ಶಿಸ್ತಿನ ಸೇವೆಯವರು, ಸೂಕ್ಷ್ಮ ಹುದ್ದೆಗಳಲ್ಲಿದ್ದವರು, ಉದ್ಯಮಿಗಳು ಎಂಬ ವರ್ಗಗಳಿದ್ದವು. ವಯಸ್ಸು, ಅನುಭವ, ವಿದ್ಯಾಭ್ಯಾಸ, ಇಂಗ್ಲಿಷ್ ಜ್ಞಾನ, ಬ್ರಿಟನ್ನಿನೊಂದಿಗಿನ ನಂಟು ಇವುಗಳಿಗೆ ಅಂಕಗಳಿದ್ದವು. ಗವರ್ನರ್ ಶಿಫಾರಸು ಮಾಡುತ್ತಿದ್ದರು, ಗೃಹ ಸಚಿವರು ನೋಂದಾಯಿಸುತ್ತಿದ್ದರು. ಪೌರತ್ವವು ಹುಟ್ಟಿನಿಂದಲೋ ವಾಸದಿಂದಲೋ ಬರುವ ಹಕ್ಕಾಗಿ ಉಳಿಯದೆ, ಆಡಳಿತಕ್ಕೆ ಯಾರು ಬೇಕು ಎಂಬ ಲೆಕ್ಕದ ಮೇಲೆ ಹಂಚುವ ವಸ್ತುವಾಯಿತು. ಕಾರ್ಖಾನೆಯ ಕೆಲಸಗಾರರು, ಬೀದಿ ವ್ಯಾಪಾರಿಗಳು, ವೃದ್ಧರು ಈ ಕೋಷ್ಟಕದಲ್ಲಿ ಎಲ್ಲಿದ್ದಾರೆಂದು ಹುಡುಕಿ ನೋಡಿದರೆ ಇದರ ತೂಕ ತಿಳಿಯುತ್ತದೆ.

ಚೀನಾದ ಪ್ರತಿಕ್ರಿಯೆಯನ್ನು ಎರಡು ಪಠ್ಯಗಳಲ್ಲಿ ಓದಬೇಕು. ಹಸ್ತಾಂತರದ ನಂತರದ ಆಡಳಿತಕ್ಕಾಗಿ ಚೀನಾ ರೂಪಿಸಿ 1990ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಹಾಂಗ್‌ಕಾಂಗ್ ಮೂಲ ಕಾನೂನಿನ 67ನೇ ವಿಧಿ, ಚೀನಾದ ಪ್ರಜೆಗಳಲ್ಲದವರೂ ವಿದೇಶದಲ್ಲಿ ವಾಸದ ಹಕ್ಕಿರುವವರೂ ಶಾಸನ ಮಂಡಳಿಯ ಶೇ. 20ಕ್ಕಿಂತ ಹೆಚ್ಚು ಸ್ಥಾನ ಹೊಂದುವಂತಿಲ್ಲ ಎಂದಿತು. 1996ರ ಮೇ 15ರಂದು ಚೀನಾದ ರಾಷ್ಟ್ರೀಯ ಜನತಾ ಕಾಂಗ್ರೆಸ್ಸಿನ ಸ್ಥಾಯಿ ಸಮಿತಿ, ಈ ಯೋಜನೆಯಡಿ ಪಡೆದ ಬ್ರಿಟಿಷ್ ಪೌರತ್ವವನ್ನು ತಾನು ಮಾನ್ಯ ಮಾಡುವುದಿಲ್ಲವೆಂದು ವಿವರಣೆ ಹೊರಡಿಸಿತು.

ಎರಡೂ ಕಡೆಯ ಪಟ್ಟಿಯಲ್ಲಿಲ್ಲದವರು

ಇಡೀ ಚರ್ಚೆಯನ್ನು ಮತ್ತೊಮ್ಮೆ ಅತಿ ಚಿಕ್ಕ ಗುಂಪಿನ ಕಡೆಯಿಂದ ಓದಬೇಕು. ಚೀನಾದ ಜ್ಞಾಪನಾಪತ್ರ ಹಾಂಗ್‌ಕಾಂಗಿನ ಚೀನೀಯರನ್ನು ತನ್ನವರೆಂದು ಕರೆಯಿತು. ತಲೆಮಾರುಗಳಿಂದ ಅಲ್ಲಿ ನೆಲೆಸಿದ್ದ ಭಾರತ, ಪಾಕಿಸ್ತಾನ ಮೂಲದವರೂ ಇತರ ಅಲ್ಪಸಂಖ್ಯಾತರೂ ಆ ಮಾತಿನೊಳಗೆ ಬರಲಿಲ್ಲ. ಅವರಲ್ಲಿ ಅನೇಕರಿಗೆ ಬ್ರಿಟಿಷ್ ಸ್ಥಾನಮಾನದ ಹೊರತು ಬೇರೆ ಯಾವ ಪೌರತ್ವವೂ ಇರಲಿಲ್ಲ. 1986ರ ಆದೇಶದ ಪ್ರಕಾರ, ಹಸ್ತಾಂತರದಿಂದ ಯಾವ ದೇಶದವರೂ ಅಲ್ಲದಂತಾಗುವವರು ಬ್ರಿಟಿಷ್ ಸಾಗರೋತ್ತರ ಪೌರರಾಗುತ್ತಿದ್ದರು. ಹೀಗೆ ದೇಶವಿಲ್ಲದೆ ಹುಟ್ಟುವ ಅವರ ಮಕ್ಕಳಿಗೂ ಅದೇ. ಮೊಮ್ಮಕ್ಕಳಿಗೆ ಅದು ತಾನಾಗಿ ದಾಟುತ್ತಿರಲಿಲ್ಲ. ಹಾಂಗ್‌ಕಾಂಗಿನ ಪ್ರತಿನಿಧಿಗಳು ವರ್ಷಗಟ್ಟಲೆ ಈ ವಿಷಯ ಎತ್ತಿದ ಮೇಲೆ, 1997ರ ಫೆಬ್ರುವರಿ 4ರಂದು ಸರ್ಕಾರ ತನ್ನ ನಿಲುವು ಬದಲಿಸಿತು. ಮಾರ್ಚಿನಲ್ಲಿ ಅಂಗೀಕಾರವಾದ ಕಾಯ್ದೆ, ಆ ಫೆಬ್ರುವರಿ ದಿನದಂದು ಹಾಂಗ್‌ಕಾಂಗಿನಲ್ಲಿ ಸಾಮಾನ್ಯವಾಗಿ ವಾಸವಾಗಿದ್ದ ಮತ್ತು ಬೇರೆ ಪೌರತ್ವವಿಲ್ಲದ ಇಂಥವರಿಗೆ ಪೂರ್ಣ ಬ್ರಿಟಿಷ್ ಪೌರತ್ವದ ನೋಂದಣಿಗೆ ಹಕ್ಕು ಕೊಟ್ಟಿತು. ಅರ್ಹರ ಸಂಖ್ಯೆ ಕೆಲವು ಸಾವಿರ ಮಾತ್ರ.

ಇಲ್ಲಿ ಸಂಖ್ಯೆಯ ವಾದ ನಿಲ್ಲುವುದಿಲ್ಲ, ಚೀನಾದ ಆಕ್ಷೇಪದ ವಾದವೂ ನಿಲ್ಲುವುದಿಲ್ಲ. ಹಾಗಿದ್ದರೂ ಜಂಟಿ ಘೋಷಣೆಯಿಂದ ಈ ತಿರುವಿನವರೆಗೆ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಏಕೆ ಹಿಡಿಯಿತು ಎಂಬುದು ನಿಮ್ಮ ಸಂಶೋಧನೆಯ ತೀಕ್ಷ್ಣ ಪ್ರಶ್ನೆಯಾಗಬೇಕು. ಎಫ್‌ಸಿಓ 40ರಲ್ಲಿ ಅಲ್ಪಸಂಖ್ಯಾತರ ಉಲ್ಲೇಖ ಮೊದಲು ಬರುವ ಕಾಗದವನ್ನು ಹುಡುಕಿ, ಅಲ್ಲಿಂದ ಮುಂದೆ ಪ್ರತಿ ಬಾರಿ ಯಾರು ಯಾವ ಕಾರಣ ಕೊಟ್ಟು ಮುಂದೂಡಿದರು ಎಂಬುದನ್ನು ದಿನಾಂಕದೊಂದಿಗೆ ಬರೆದುಕೊಳ್ಳಿ. 2021ರ ಜನವರಿ 31ರಂದು ಆರಂಭವಾದ ಬಿಎನ್‌ಓ ವೀಸಾ ಕುರಿತು ಬರೆಯುವವರಿಗೂ ಇದೇ ಕ್ರಮ ಉಪಯೋಗಕ್ಕೆ ಬರುತ್ತದೆ. ಅದು ವಾಸಕ್ಕೆ ದಾರಿ ತೆರೆಯುವ, ಶುಲ್ಕ ಕೊಟ್ಟು ಪಡೆಯಬೇಕಾದ ಅನುಮತಿ, ಎಂಬತ್ತರ ದಶಕದಲ್ಲಿ ಕೇಳಿದ್ದ ಹಕ್ಕಲ್ಲ.

ಮುಚ್ಚಿದ ಕಡತ ಎದುರಾದರೆ

ಬ್ರಿಟನ್ನಿನಲ್ಲಿ ದಾಖಲೆಗಳನ್ನು ತೆರೆಯುವ ಅವಧಿ ಹಿಂದೆ 30 ವರ್ಷವಿತ್ತು. 2013ರಿಂದ ಅದನ್ನು ಹಂತಹಂತವಾಗಿ 20ಕ್ಕೆ ಇಳಿಸಲಾಗಿದೆ. ಹೀಗಾಗಿ ತೊಂಬತ್ತರ ದಶಕದ ಕಾಗದಗಳೂ ಬರುತ್ತಿವೆ. ಆದರೂ ಕೆಲವು ಕಡತಗಳು ಮುಚ್ಚಿರುತ್ತವೆ, ಕೆಲವನ್ನು ಇಲಾಖೆಯೇ ಉಳಿಸಿಕೊಂಡಿರುತ್ತದೆ, ಕೆಲವುಗಳಲ್ಲಿ ಸಾಲುಗಳಿಗೆ ಮಸಿ ಬಳಿದಿರುತ್ತದೆ ಅಥವಾ ಪುಟ ತೆಗೆದು ಅದರ ಜಾಗದಲ್ಲಿ ಒಂದು ಚೀಟಿ ಇಟ್ಟಿರುತ್ತಾರೆ. ಆ ಚೀಟಿಯಲ್ಲಿರುವ ಕಾನೂನಿನ ಕಲಮನ್ನು ಬರೆದುಕೊಳ್ಳಿ, ಏಕೆಂದರೆ ಅಂತರರಾಷ್ಟ್ರೀಯ ಸಂಬಂಧದ ಕಾರಣಕ್ಕೆ ತಡೆದದ್ದಕ್ಕೂ ವ್ಯಕ್ತಿಯ ಖಾಸಗಿ ಮಾಹಿತಿಗಾಗಿ ತಡೆದದ್ದಕ್ಕೂ ಕೇಳುವ ದಾರಿ ಬೇರೆಬೇರೆ.

2000ದ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಜಗತ್ತಿನ ಯಾವ ದೇಶದವರೂ ಅರ್ಜಿ ಹಾಕಬಹುದು. ಕಡತ ಪತ್ರಾಗಾರದಲ್ಲಿದ್ದರೆ ಅಲ್ಲಿಗೆ, ಇಲಾಖೆಯಲ್ಲೇ ಉಳಿದಿದ್ದರೆ ಆ ಇಲಾಖೆಗೆ ಬರೆಯಬೇಕು. ಪೌರತ್ವದ ಎಲ್ಲ ಕಡತಗಳು ಬೇಕೆಂದು ಕೇಳಿದರೆ ವೆಚ್ಚದ ಮಿತಿ ಮೀರುತ್ತದೆಂದು ನಿರಾಕರಿಸಬಹುದು; ಆದ್ದರಿಂದ ಶ್ರೇಣಿ, ಕಡತ ಸಂಖ್ಯೆ, ದಿನಾಂಕಗಳನ್ನು ಕೊಟ್ಟು ಒಂದೆರಡನ್ನೇ ಕೇಳಿ. ನಿರಾಕರಣೆ ಬಂದರೆ ಮೊದಲು ಅದೇ ಸಂಸ್ಥೆಯಲ್ಲಿ ಮರುಪರಿಶೀಲನೆ ಕೋರಿ, ಆಮೇಲೆ ಮಾಹಿತಿ ಆಯುಕ್ತರಿಗೆ ದೂರು ಸಲ್ಲಿಸಬಹುದು. ಉತ್ತರಕ್ಕೆ ಕಾಯುವ ಅವಧಿಯಲ್ಲಿ ಅದೇ ಪತ್ರದ ಇನ್ನೊಂದು ಪ್ರತಿ ಬೇರೆ ಇಲಾಖೆಯ ಕಡತದಲ್ಲಿ ತೆರೆದಿದೆಯೇ ನೋಡಿ. ಗೃಹ ಇಲಾಖೆಗೆ ಹೋದ ಪತ್ರದ ನಕಲು ಪ್ರಧಾನಿ ಕಚೇರಿಗೂ ಹೋಗಿರುವುದು ಸಾಮಾನ್ಯ. ಒಂದು ಕಡೆ ಮಸಿ ಬಿದ್ದ ಸಾಲು ಇನ್ನೊಂದು ಕಡೆ ಓದಲು ಸಿಗುವುದುಂಟು.